ಎರಡು ಪದಗಳಷ್ಟು ಮೌನ

ಟೆಕ್ಸಾಸಿನ ಸರ್ಕಾರಿ ಶಾಲೆಗಳಲ್ಲಿ ದಿನ ಆರಂಭವಾಗುವುದು ಪ್ರತಿಜ್ಞೆಯಿಂದ. ಧ್ವನಿವರ್ಧಕದಲ್ಲಿ ಸೂಚನೆ ಬಂದ ಕೂಡಲೇ ಮಕ್ಕಳು ಎದ್ದು ನಿಂತು, ಬಲಗೈಯನ್ನು ಎದೆಯ ಮೇಲಿಟ್ಟು, ಮೊದಲು ಅಮೆರಿಕದ ಧ್ವಜಕ್ಕೆ, ಆಮೇಲೆ ಟೆಕ್ಸಾಸಿನ ಧ್ವಜಕ್ಕೆ ನಿಷ್ಠೆ ಹೇಳುತ್ತಾರೆ. ಬಳಿಕ ಒಂದು ನಿಮಿಷ ಮೌನ. ಎರಡೂ ಪ್ರತಿಜ್ಞೆಗಳಲ್ಲಿ ‘ಅಂಡರ್ ಗಾಡ್’ ಎಂಬ ಎರಡು ಪದಗಳಿವೆ. ದೇವರ ಅಡಿಯಲ್ಲಿರುವ ದೇಶ, ದೇವರ ಅಡಿಯಲ್ಲಿರುವ ರಾಜ್ಯ. ಐದನೆಯ ತರಗತಿಯಲ್ಲಿರುವ ನನ್ನ ಮಗಳು ಕಳೆದ ಸೆಪ್ಟೆಂಬರಿನಿಂದ ಆ ಎರಡು ಪದಗಳು ಬಂದಾಗ ಬಾಯಿ ಮುಚ್ಚಿಕೊಳ್ಳುತ್ತಾಳೆ. ಉಳಿದದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಾಳೆ. ನಾನು ಹೇಳಿಕೊಟ್ಟದ್ದಲ್ಲ. ಅವಳು ಹೀಗೆ ಮಾಡುತ್ತಿದ್ದಾಳೆ ಎಂಬುದೇ ನನಗೆ ಒಂದು ತಿಂಗಳು ಗೊತ್ತಿರಲಿಲ್ಲ.

ಮೊದಲು ಗಮನಿಸಿದವನು ಪಕ್ಕದಲ್ಲಿ ಕೂರುವ ಹುಡುಗ. ಊಟದ ಬಿಡುವಿನಲ್ಲಿ ಏಕೆಂದು ಕೇಳಿದನಂತೆ. ‘ದೇವರಿದ್ದಾನೆ ಎಂದು ನನಗೆ ಅನ್ನಿಸುವುದಿಲ್ಲ. ಅನ್ನಿಸದ್ದನ್ನು ಎದೆಯ ಮೇಲೆ ಕೈಯಿಟ್ಟು ಹೇಳಬಾರದು’ ಎಂದಳಂತೆ ಇವಳು. ‘ಹಾಗಾದರೆ ನೀನು ನರಕಕ್ಕೆ ಹೋಗುತ್ತೀಯ’ ಎಂದನಂತೆ ಅವನು. ಇಬ್ಬರೂ ಮೂರನೆಯ ತರಗತಿಯಿಂದ ಜೊತೆಗಾರರು, ತಿಂಡಿಯ ಡಬ್ಬಿ ಹಂಚಿಕೊಂಡವರು.

ವಾರದೊಳಗೆ ಶಿಕ್ಷಕಿಯ ಫೋನ್ ಬಂತು. ಗದರಿಸಲಿಲ್ಲ, ದೂರು ಹೇಳಲಿಲ್ಲ. ತುಂಬ ಮೃದುವಾಗಿ, ‘ಮನೆಯಲ್ಲಿ ಎಲ್ಲ ಸರಿಯಾಗಿದೆಯೇ? ಮಗುವಿಗೆ ಏನಾದರೂ ದುಃಖವಿದೆಯೇ?’ ಎಂದು ಕೇಳಿದರು. ಬೈದಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ. ಹತ್ತು ವರ್ಷದ ಹುಡುಗಿ ದೇವರನ್ನು ನಂಬುವುದಿಲ್ಲ ಎಂದರೆ ಅದು ಅವಳು ತನ್ನ ಪಾಡಿಗೆ ಯೋಚಿಸಿ ತಲುಪಿದ ಮಾತಾಗಿರಬಹುದು ಎಂದು ಆ ಒಳ್ಳೆಯ ಹೆಂಗಸಿಗೆ ಹೊಳೆಯಲೇ ಇಲ್ಲ. ಎಲ್ಲೋ ಏನೋ ಮುರಿದಿರಬೇಕು. ಅಪ್ಪ ಅಮ್ಮ ಜಗಳವಾಡುತ್ತಿರಬೇಕು, ಹತ್ತಿರದವರು ಯಾರೋ ತೀರಿಕೊಂಡಿರಬೇಕು, ಅದಕ್ಕೇ ದೇವರ ಮೇಲೆ ಮುನಿಸು. ನಾಸ್ತಿಕರೆಂದರೆ ಸೊಕ್ಕಿನವರು, ನೀತಿಗೆಟ್ಟವರು ಎನ್ನುವವರಿಗೆ ಏನಾದರೂ ಉತ್ತರ ಹೇಳಬಹುದು. ಪೆಟ್ಟು ತಿಂದವರು ಎಂದು ಕನಿಕರಪಡುವವರಿಗೆ ಏನು ಹೇಳುವುದು? ‘ಎಲ್ಲ ಚೆನ್ನಾಗಿದೆ’ ಎಂದು ಹೇಳಿ ಫೋನ್ ಇಟ್ಟೆ. ಆ ಮಾತು ನನ್ನ ಕಿವಿಗೇ ಸುಳ್ಳಿನಂತೆ ಕೇಳಿಸಿತು.

ಇದರಲ್ಲಿ ನನ್ನದೂ ಪಾಲಿದೆ. ಡಾಲಸ್ ನಗರದ ಉತ್ತರಕ್ಕಿರುವ ಈ ಉಪನಗರಕ್ಕೆ ಬಂದು ಹನ್ನೊಂದು ವರ್ಷವಾಯಿತು. ಕ್ರೈಸ್ತ ಶ್ರದ್ಧೆ ಗಾಢವಾಗಿರುವ, ಬೈಬಲ್ ಬೆಲ್ಟ್ ಎಂದು ಕರೆಯುವ ಸೀಮೆ ಇದು. ನಮ್ಮೂರಿನಲ್ಲಿ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ‘ಯಾವ ಊರಾಯಿತು, ಯಾರ ಪೈಕಿ?’ ಎಂದು ಕೇಳುವ ಹಾಗೆ ಇಲ್ಲಿ ‘ನೀವು ಯಾವ ಚರ್ಚಿಗೆ ಹೋಗುತ್ತೀರಿ?’ ಎಂದು ಕೇಳುತ್ತಾರೆ. ಕೇಳುವುದರಲ್ಲಿ ಕೆಟ್ಟ ಉದ್ದೇಶವಿಲ್ಲ. ಮನೆ ಬದಲಾಯಿಸುವಾಗ ಸಾಮಾನು ಹೊರುವುದಕ್ಕೆ, ಬಾಣಂತಿಯ ಮನೆಗೆ ಊಟ ಕಳಿಸುವುದಕ್ಕೆ, ಸತ್ತವರನ್ನು ಮಣ್ಣು ಮಾಡುವುದಕ್ಕೆ ಎಲ್ಲಕ್ಕೂ ಇಲ್ಲಿ ಚರ್ಚಿನವರೇ ಬರುವುದು. ಚರ್ಚಿಲ್ಲದವರೆಂದರೆ ದಿಕ್ಕಿಲ್ಲದವರು. ಆ ಪ್ರಶ್ನೆಗೆ ನಾನು ಹನ್ನೊಂದು ವರ್ಷ ಕೊಟ್ಟ ಉತ್ತರ, ‘ನಾವು ಹಿಂದೂಗಳು.’ ಅಷ್ಟಕ್ಕೆ ಮುಗಿಯುತ್ತಿತ್ತು. ಅವರ ಕಣ್ಣಿನಲ್ಲಿ ನಾನು ಬೇರೆ ದೇವರ ಕಡೆಯವಳು, ಆದರೂ ಯಾವುದೋ ಒಂದು ದೇವರ ಕಡೆಯವಳು. ಫ್ರಿಸ್ಕೊದಲ್ಲಿ ಹನುಮಾನ್ ದೇವಸ್ಥಾನವಿದೆ, ಅರ್ವಿಂಗ್‌ನಲ್ಲಿ ಇನ್ನೊಂದು ದೊಡ್ಡ ದೇವಸ್ಥಾನವಿದೆ, ಇವರು ಅಲ್ಲಿಗೆ ಹೋಗುತ್ತಾರೆ ಎಂದು ಅವರೇ ಊಹಿಸಿಕೊಳ್ಳುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ. ನಂಬದವಳೆಂದು ಹೇಳಲು ಧೈರ್ಯವಿಲ್ಲದೆ ನಂಬುವವರ ಛತ್ರಿಯಡಿ ನಿಂತಿದ್ದೆ. ಮಗಳು ಆ ಛತ್ರಿಯಿಂದ ಈಚೆಗೆ ಬಂದುಬಿಟ್ಟಳು.

ಆ ಎರಡು ಪದಗಳ ಕಥೆಯನ್ನು ಹುಡುಕಿ ಓದಿದ್ದು ಆಮೇಲೆ. 1892ರಲ್ಲಿ ಈ ಪ್ರತಿಜ್ಞೆಯನ್ನು ಬರೆದ ಫ್ರಾನ್ಸಿಸ್ ಬೆಲ್ಲಮಿ ಬ್ಯಾಪ್ಟಿಸ್ಟ್ ಪಾದ್ರಿ. ಅವರು ಬರೆದದ್ದರಲ್ಲಿ ದೇವರಿಲ್ಲ! ದೇವರನ್ನು ಸೇರಿಸಿದ್ದು 1954ರಲ್ಲಿ, ಅಧ್ಯಕ್ಷ ಐಸೆನ್‌ಹೋವರ್ ಕಾಲದಲ್ಲಿ, ಸೋವಿಯತ್ ಒಕ್ಕೂಟದೊಂದಿಗಿನ ಶೀತಲ ಸಮರದ ನಡುವೆ. ಅವರು ದೇವರಿಲ್ಲದ ಕಮ್ಯುನಿಸ್ಟರು, ನಾವು ಹಾಗಲ್ಲ ಎಂದು ತೋರಿಸಿಕೊಳ್ಳಬೇಕಿತ್ತು. ನಾಸ್ತಿಕನೆಂದರೆ ದೇಶದ ಶತ್ರುವಿನ ಕಡೆಯವನು ಎಂಬ ಭಾವನೆ ಬೇರೂರಿದ್ದರಲ್ಲಿ ಆ ವರ್ಷಗಳ ಪಾತ್ರ ದೊಡ್ಡದು. 1958ರಲ್ಲಿ ಗ್ಯಾಲಪ್ ಸಂಸ್ಥೆ ಕೇಳಿದಾಗ, ಯೋಗ್ಯನಾಗಿದ್ದರೆ ನಾಸ್ತಿಕನನ್ನೂ ಅಧ್ಯಕ್ಷನಾಗಿ ಆರಿಸುತ್ತೇವೆ ಎಂದವರು ಶೇ. 18 ಮಾತ್ರ. 2019ರಲ್ಲಿ ಶೇ. 60. ಕಾಲ ಬದಲಾಗಿದೆ, ನಿಜ. ಆದರೆ ಟೆಕ್ಸಾಸ್ ತನ್ನ ಪ್ರತಿಜ್ಞೆಗೆ ದೇವರನ್ನು ಸೇರಿಸಿಕೊಂಡದ್ದು 2007ರಲ್ಲಿ. ಸರ್ಕಾರಿ ಹುದ್ದೆಗೆ ಧರ್ಮದ ಪರೀಕ್ಷೆ ಇಲ್ಲ, ಆದರೆ ಪರಮಾತ್ಮನೊಬ್ಬನಿದ್ದಾನೆ ಎಂದು ಒಪ್ಪಿಕೊಂಡಿರಬೇಕು ಎಂಬ ಮಾತು ಈ ರಾಜ್ಯದ 1876ರ ಸಂವಿಧಾನದಲ್ಲಿ ಇಂದಿಗೂ ಅಚ್ಚಾಗಿಯೇ ಇದೆ. ಅದನ್ನು ಜಾರಿ ಮಾಡುವಂತಿಲ್ಲ. ಮೇರಿಲ್ಯಾಂಡಿನಲ್ಲಿ ರಾಯ್ ಟೊರ್ಕಾಸೊ ಎಂಬುವರು ದೇವರಲ್ಲಿ ನಂಬಿಕೆ ಘೋಷಿಸಲು ಒಪ್ಪಲಿಲ್ಲವೆಂದು ಅವರಿಗೆ ನೋಟರಿ ಹುದ್ದೆಯನ್ನು ನಿರಾಕರಿಸಲಾಗಿತ್ತು. 1961ರಲ್ಲಿ ಸುಪ್ರೀಂ ಕೋರ್ಟು ಆ ಬಗೆಯ ಷರತ್ತನ್ನು ಒಮ್ಮತದಿಂದ ತಳ್ಳಿಹಾಕಿತು. ನಮ್ಮ ಭಾರತದ ಸಂವಿಧಾನ ಮೊದಲ ದಿನದಿಂದಲೇ ದೇವರ ಹೆಸರಿನಲ್ಲಿ ಪ್ರಮಾಣ ಮಾಡುವವರಿಗೊಂದು, ಸತ್ಯನಿಷ್ಠೆಯಿಂದ ದೃಢೀಕರಿಸುವವರಿಗೊಂದು ದಾರಿ ಇಟ್ಟಿದೆ. ಇದನ್ನು ನೆನೆದಾಗಲೆಲ್ಲ ನನ್ನ ಎದೆ ತುಂಬಿಬರುತ್ತದೆ.

ನನ್ನನ್ನು ತುಂಬ ಕಾಡಿದ ವಿಷಯ ಇನ್ನೊಂದು. ಶಾಲೆಯಲ್ಲಿ ಮಗು ಪ್ರತಿಜ್ಞೆ ಹೇಳಲೇಬೇಕೆಂದು ಬಲವಂತ ಮಾಡುವಂತಿಲ್ಲ ಎಂಬ ತೀರ್ಪು ಬಂದದ್ದು 1943ರ ಜೂನ್ 14ರಂದು. ಅದನ್ನು ಗೆದ್ದುಕೊಟ್ಟವರು ನಾಸ್ತಿಕರಲ್ಲ. ದೇವರೊಬ್ಬನಿಗೇ ಹೊರತು ಧ್ವಜಕ್ಕೆ ವಂದಿಸುವುದಿಲ್ಲ ಎಂದು ಹಟ ಹಿಡಿದ ಯೆಹೋವನ ಸಾಕ್ಷಿಗಳ ಪಂಥದ ಕುಟುಂಬಗಳು. ಗಾಢವಾಗಿ ನಂಬುವವರು ಗೆದ್ದ ಮೌನದ ಹಕ್ಕನ್ನು ನಂಬದ ನನ್ನ ಮಗಳು ಈಗ ಬಳಸುತ್ತಿದ್ದಾಳೆ.

ಟೆಕ್ಸಾಸಿನ ಕಾನೂನಿನಂತೆ ಪೋಷಕರು ಬರೆದುಕೊಟ್ಟರೆ ಮಗುವಿಗೆ ಪ್ರತಿಜ್ಞೆಯಿಂದ ವಿನಾಯಿತಿ ಸಿಗುತ್ತದೆ. ಒಂದು ರಾತ್ರಿ ಆ ಪತ್ರ ಬರೆಯಲು ಕುಳಿತೆ. ನನ್ನ ಗಂಡ ಆಸ್ತಿಕರು. ಬೆಳಗ್ಗೆ ಸ್ನಾನವಾದ ಮೇಲೆ ದೀಪ ಹಚ್ಚದೆ ಕಾಫಿ ಕುಡಿಯುವುದಿಲ್ಲ. ನಾನು ಮೂರು ಸಲ ಬರೆದು ಹೊಡೆದುಹಾಕಿದ ಹಾಳೆಯನ್ನು ಅವರು ಎಳೆದುಕೊಂಡು, ‘ನಮ್ಮ ಮಗಳು ತನಗೆ ನಿಜವೆನಿಸಿದ್ದನ್ನು ಮಾತ್ರ ಹೇಳುತ್ತಾಳೆ, ದಯವಿಟ್ಟು ಹಾಗೆಯೇ ಬಿಡಿ’ ಎಂದು ಒಂದೇ ಸಾಲು ಬರೆದು ಮೊದಲು ತಾವೇ ಸಹಿ ಹಾಕಿದರು.

ಇನ್ನು ನಮ್ಮವರ ಮಾತು. ದೀಪಾವಳಿಯ ದಿನ ಕನ್ನಡದ ಗೆಳತಿಯರ ನಡುವೆ ಈ ವಿಷಯ ಹೇಗೋ ಹೊರಬಿತ್ತು. ಹಿರಿಯರೊಬ್ಬರು ನನ್ನ ಕೈ ಹಿಡಿದು, ‘ಅಮೆರಿಕಕ್ಕೆ ಬಂದು ಹೀಗಾದಿರಾ?’ ಎಂದರು. ನನಗೆ ತಡೆದುಕೊಳ್ಳಲಾಗಲಿಲ್ಲ. ನನ್ನ ಅವಿಶ್ವಾಸ ತುಮಕೂರಿನದು, ಟೆಕ್ಸಾಸಿನದಲ್ಲ. ನನ್ನ ಅಪ್ಪ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಎಚ್. ನರಸಿಂಹಯ್ಯನವರ ಭಾಷಣವಿದೆ ಎಂದರೆ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿಬಿಡುತ್ತಿದ್ದರು. ಅಮೆರಿಕದ ಓಹಿಯೋದಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಮರಳಿ ಬಂದು, ಖಾದಿ ಉಟ್ಟು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ ಬದುಕಿದವರು ಅವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು. ಪ್ರಶ್ನೆ ಕೇಳುವುದು ಅಮೆರಿಕದಿಂದ ತಂದ ಸಾಮಾನಲ್ಲ ಎಂಬುದನ್ನು ನಾನು ಅಪ್ಪನ ಜಗಲಿಯಲ್ಲೇ ಕಲಿತೆ.

ಆ ಜಗಲಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಮ್ಮ ಒಳಗೆ ಗಂಟೆ ಬಾರಿಸುವ ಹೊತ್ತಿಗೆ ಅಪ್ಪ ಹೊರಗೆ ಪೇಪರ್ ಓದುತ್ತಿದ್ದರು. ಮಂಗಳಾರತಿಯ ತಟ್ಟೆ ಹಿಡಿದು ಅಮ್ಮ ಈಚೆ ಬಂದಾಗ ಅಪ್ಪ ಆರತಿಗೆ ಕೈ ಚಾಚುತ್ತಿರಲಿಲ್ಲ, ಪಕ್ಕದಲ್ಲಿದ್ದ ಬಾಳೆಹಣ್ಣನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು. ಅಮ್ಮ ಒಂದು ದಿನವೂ ತಟ್ಟೆ ತರುವುದನ್ನು ಬಿಡಲಿಲ್ಲ, ಅಪ್ಪ ಒಂದು ದಿನವೂ ಎದ್ದು ಹೋಗಲಿಲ್ಲ. ಇದನ್ನು ನಾನು ಸೌಹಾರ್ದವೆಂದು ಹೊಗಳಿಕೊಂಡು ಬಂದಿದ್ದೆ. ಈಗ ಅನ್ನಿಸುತ್ತದೆ, ಅಮ್ಮನೇ ಆರತಿ ಬೇಡವೆಂದಿದ್ದರೆ ಬೀದಿಯವರು ಅದೇ ಗೌರವ ಕೊಡುತ್ತಿದ್ದರೇ? ಮೇಷ್ಟ್ರು, ಗಂಡಸು ಎಂದು ಅಪ್ಪನಿಗೆ ಸಿಕ್ಕ ರಿಯಾಯಿತಿ ಅದು.

‘ನಾಸ್ತಿಕ’ ಎಂಬ ಪದವನ್ನು ನಾವು ಎಷ್ಟು ಸಲೀಸಾಗಿ ಬೈಗುಳವಾಗಿಸಿಕೊಂಡಿದ್ದೇವೆ! ಹಳೆಯ ಶಾಸ್ತ್ರದ ಲೆಕ್ಕದಲ್ಲಿ ನಾಸ್ತಿಕನೆಂದರೆ ವೇದವನ್ನು ಒಪ್ಪದವನು. ಆ ಲೆಕ್ಕ ಹಿಡಿದರೆ ಜೈನರಾದ ಪಂಪ, ರನ್ನರೂ ನಾಸ್ತಿಕರೇ. ಸೃಷ್ಟಿಕರ್ತನ ಹಂಗಿಲ್ಲದೆ ದರ್ಶನ ಕಟ್ಟಿದ ಸಾಂಖ್ಯರೂ ಮೀಮಾಂಸಕರೂ ಆಸ್ತಿಕರ ಸಾಲಿನಲ್ಲಿದ್ದಾರೆ. ಅಪ್ಪ ಇದನ್ನು ಎಷ್ಟೋ ಸಲ ಹೇಳುತ್ತಿದ್ದರು. ದೀಪಾವಳಿಯ ಆ ಸಂಜೆ ನಾನೂ ಹೇಳಬೇಕೆಂದುಕೊಂಡೆ, ಗಂಟಲು ಕಟ್ಟಿ ಹೇಳಲಾಗಲಿಲ್ಲ.

ಹಾಗೆಂದು ನಂಬದವರ ನಡುವೆ ನಾನು ನಿರಾಳವಾಗಿದ್ದೇನೆ ಎಂದೂ ಹೇಳಲಾರೆ. ಊರಿನ ಕಾಫಿ ಅಂಗಡಿಯೊಂದರಲ್ಲಿ ಶನಿವಾರ ಸೇರುವ ಒಂದು ಸಣ್ಣ ಗುಂಪಿದೆ. ಇವತ್ತು ಅಮೆರಿಕದ ವಯಸ್ಕರಲ್ಲಿ ಶೇ. 29ರಷ್ಟು ಜನ ಯಾವ ಧರ್ಮಕ್ಕೂ ಸೇರಿದವರಲ್ಲ ಎನ್ನುತ್ತದೆ ಪ್ಯೂ ಸಂಶೋಧನಾ ಕೇಂದ್ರದ 2023-24ರ ಸಮೀಕ್ಷೆ. ಆದರೆ ತಮ್ಮನ್ನು ನಾಸ್ತಿಕರೆಂದೇ ಕರೆದುಕೊಳ್ಳುವವರು ಶೇ. 5 ಮಾತ್ರ. ಇಂಥ ಊರಿನಲ್ಲಿ ಹಾಗೆ ಹೇಳಿಕೊಂಡು ಕಳೆದುಕೊಂಡವರು ಆ ಮೇಜಿನ ಸುತ್ತ ಇದ್ದರು. ಒಬ್ಬರ ತಾಯಿ ಆರು ವರ್ಷದಿಂದ ಮಗನೊಡನೆ ಮಾತು ಬಿಟ್ಟಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಒಂದು ಶನಿವಾರ ಮಾತು ಹನುಮಂತನ ಕಡೆ ತಿರುಗಿ, ಮಂಗನನ್ನು ಪೂಜಿಸುವಷ್ಟು ದಡ್ಡರೂ ಇದ್ದಾರಲ್ಲ ಎಂದು ಎಲ್ಲರೂ ನಕ್ಕಾಗ ನನ್ನ ಕಣ್ಣ ಮುಂದೆ ಅಮ್ಮ ಬಂದಳು. ತಮ್ಮನಿಗೆ ಟೈಫಾಯ್ಡ್ ಜ್ವರ ಬಂದು ಇಳಿಯದೇ ಇದ್ದಾಗ ಅವಳು ಎಂಟು ದಿನ ದೀಪ ಹಚ್ಚಲಿಲ್ಲ. ‘ಮೊದಲು ನೀನು ನಿನ್ನ ಕೆಲಸ ಮಾಡು’ ಎಂದು ಅದೇ ಹನುಮಂತನ ಪಟಕ್ಕೆ ಬೆರಳು ತೋರಿಸಿ ಜಗಳವಾಡಿದಳು. ದೇವರನ್ನು ಅಷ್ಟು ಕಟುವಾಗಿ ಪ್ರಶ್ನಿಸಿದವರನ್ನು ನಾನು ಯಾವ ನಾಸ್ತಿಕರ ಸಭೆಯಲ್ಲೂ ಕಂಡಿಲ್ಲ. ನಂಬುವವರು ಯೋಚಿಸುವುದಿಲ್ಲ ಎಂಬ ಮಾತು, ನಂಬದವರಿಗೆ ನೀತಿಯಿಲ್ಲ ಎಂಬ ಮಾತಿನಷ್ಟೇ ಸೋಮಾರಿ ಮಾತು. ಅದನ್ನು ಅಲ್ಲೇ ಹೇಳಿ ಎದ್ದು ಬಂದೆ.

ಡಿಸೆಂಬರಿನಲ್ಲಿ, ಆ ಹುಡುಗನ ತಾಯಿ ಉದ್ಯಾನದಲ್ಲಿ ಸಿಕ್ಕರು. ನರಕದ ಮಾತಿನ ಬಗ್ಗೆ ಅವರು ಕ್ಷಮೆ ಕೇಳಬಹುದು, ಇಲ್ಲವೇ ಮಗನನ್ನು ಸಮರ್ಥಿಸಬಹುದು ಎಂದುಕೊಂಡಿದ್ದೆ. ಅವರು ಬೆಂಚಿನ ಮೇಲೆ ಕುಳಿತು ಕೈಗವಸು ತೆಗೆದು, ಮತ್ತೆ ಹಾಕಿಕೊಂಡು, ಮತ್ತೆ ತೆಗೆದು, ‘ಅವನು ರಾತ್ರಿ ಅಳುತ್ತಿದ್ದಾನೆ’ ಎಂದರು. ಎರಡು ವಾರದಿಂದ ನಿದ್ದೆಯಿಲ್ಲವಂತೆ. ತಾನು ಒಂದು ಕಡೆ, ನನ್ನ ಮಗಳು ಇನ್ನೊಂದು ಕಡೆ, ಎಂದೆಂದಿಗೂ ಸೇರುವಂತಿಲ್ಲ ಎಂದು ನೆನೆದು ಅಳುತ್ತಾನಂತೆ. ‘ಅದು ಹಾಗಲ್ಲ ಎಂದು ಅವನಿಗೆ ಹೇಳಲಾರೆ. ಅದು ನಿಜವೆಂದೇ ನಾನು ನಂಬಿದ್ದೇನೆ’ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಮೂರು ತಿಂಗಳಿಂದ ನಾನು ಅವಮಾನವೆಂದು ಎದೆಯಲ್ಲಿಟ್ಟುಕೊಂಡಿದ್ದ ಮಾತು ಆ ಹುಡುಗನ ಬಾಯಲ್ಲಿ ಭಯವಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳಿದರು, ‘ತಪ್ಪು ತಿಳಿಯಬೇಡಿ. ದೇವರ ಭಯವಿಲ್ಲದೆ ಮಗುವಿಗೆ ಸುಳ್ಳು ಹೇಳಬಾರದೆಂದು ಕಲಿಸುವುದು ಹೇಗೆ?’

ಕುಹಕವಿಲ್ಲದ ಪ್ರಶ್ನೆ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ್ದರು. ‘ಇದೆಲ್ಲ ಶುರುವಾದದ್ದೇ ಅವಳು ಸುಳ್ಳು ಹೇಳಲು ಒಪ್ಪದೆ ಇದ್ದುದರಿಂದ’ ಎಂದೆ. ಅವರು ಬಹಳ ಹೊತ್ತು ಆಟದ ಬಯಲಿನ ಕಡೆ ನೋಡುತ್ತಿದ್ದರು. ಹೊರಡುವಾಗ, ‘ನಿಮಗಾಗಿ ಪ್ರಾರ್ಥಿಸುತ್ತೇನೆ’ ಎಂದರು. ಈ ಮಾತು ಕೇಳಿದರೆ ನನ್ನ ಮೈ ಬಿಗಿಯುತ್ತಿತ್ತು. ನನ್ನನ್ನು ಕೇಳದೆ ನನ್ನ ಪರವಾಗಿ ಅರ್ಜಿ ಹಾಕಿದ ಹಾಗೆ ಅನ್ನಿಸುತ್ತಿತ್ತು. ಅಂದು ‘ಆಗಲಿ’ ಎಂದೆ.

ಕಳೆದ ವಾರ ಮಗಳು ಶಾಲೆಯಿಂದ ಬಂದು, ಚೀಲವನ್ನೂ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅವನೊಂದು ಉಪಾಯ ಹೇಳಿದ್ದಾನಂತೆ. ಇನ್ನು ಮೇಲೆ ಆ ಎರಡು ಪದ ಬಂದಾಗ ಅವನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಳ್ಳುತ್ತಾನಂತೆ, ಒಂದು ತನ್ನದು, ಒಂದು ಇವಳದು. ‘ಬೇಡ ಅನ್ನಲೇನಮ್ಮ?’ ಎಂದು ಕೇಳಿದಳು. ನಿನಗೇನು ಅನ್ನಿಸುತ್ತದೆ ಎಂದೆ. ‘ನಾನು ಹೇಳದೆ ಇರುವುದನ್ನು ಅವನು ನನ್ನ ಹೆಸರಿನಲ್ಲಿ ಹೇಳಬಾರದು’ ಎಂದಳು. ಚೀಲದ ಪಟ್ಟಿಯನ್ನು ಸ್ವಲ್ಪ ಹೊತ್ತು ತಿರುವುತ್ತಿದ್ದು, ‘ಆದರೆ ಬೇಡ ಅಂದರೆ ಮತ್ತೆ ಅಳುತ್ತಾನೆ’ ಎಂದಳು. ಇನ್ನೂ ಅವನಿಗೆ ಏನೂ ಹೇಳಿಲ್ಲ.