ಗಿರಿಜೆಯ ಬಳೆ ಬಿಡಿಸಿದ್ದು ಯಾವಾಗ?

ಮೊನ್ನೆ ಸೋಮವಾರ ಸಂಜೆ ಏಳೂಕಾಲರ ಹೊತ್ತಿಗೆ ಅಡುಗೆಮನೆಯ ಕಟ್ಟೆಯ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಗ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಆ ಕಡೆಯವರು ವಯಸ್ಸಾದ ಹೆಂಗಸು. ಸಾಗರದ ಹತ್ತಿರದ ಹಳ್ಳಿಯವರಂತೆ. ನನ್ನ ಕಥಾಸಂಕಲನದ ಹಿಂದಿನ ಪುಟದಲ್ಲಿ ಅಚ್ಚಾಗಿದ್ದ ನಂಬರನ್ನು ಮೊಮ್ಮಗನಿಂದ ಒತ್ತಿಸಿಕೊಂಡು ಮಾತನಾಡುತ್ತಿರುವುದಾಗಿ ಹೇಳಿ, ಕ್ಷಮೆ ಕೇಳುವ ದನಿಯಲ್ಲೇ ವಿಚಾರಿಸಿದರು: “ಧಾರಾವಾಹಿಯ ಒಂದು ಕಂತು ನನಗೆ ತಪ್ಪಿ ಹೋಗಿರ್ಬೇಕು ಅನ್ಸುತ್ತೆ. ಗಿರಿಜೆ ಬಳೆ ಬಿಡಿಸ್ಕೊಂಡಿದ್ದು ಯಾವ ವಾರ ಬಂತು?”

ನಾನು ಸೊಪ್ಪಿನ ಕಡ್ಡಿ ಹಿಡಿದುಕೊಂಡೇ ನಿಂತೆ. ವಾರಪತ್ರಿಕೆಯೊಂದರಲ್ಲಿ ಬರುತ್ತಿರುವ ನನ್ನ ಧಾರಾವಾಹಿ ಕಾದಂಬರಿಯ ಗಿರಿಜೆ ತನ್ನ ಎರಡೇ ಎರಡು ಚಿನ್ನದ ಬಳೆಗಳನ್ನು ಮಗನ ಹಾಸ್ಟೆಲ್ ಶುಲ್ಕಕ್ಕಾಗಿ ಪೇಟೆಯ ಗಿರವಿ ಅಂಗಡಿಯಲ್ಲಿ ಅಡವಿಟ್ಟದ್ದು ಮೂರನೆಯ ಕಂತಿನಲ್ಲಿ. ಹೋದ ವಾರ ಪ್ರಕಟವಾದ ಹದಿನಾಲ್ಕನೆಯ ಕಂತಿನಲ್ಲಿ ಅವಳು ಮದುವೆ ಮನೆಯಲ್ಲಿ ಅಕ್ಕಿ ತೊಳೆಯುತ್ತಾಳೆ, ಬಳೆಗಳು ಹಿತ್ತಾಳೆ ಪಾತ್ರೆಯ ಅಂಚಿಗೆ ತಾಗಿ ಸದ್ದು ಮಾಡುತ್ತವೆ. ನಡುವೆ ಎಲ್ಲಿಯೂ ಆಕೆ ಅವನ್ನು ಬಿಡಿಸಿಕೊಂಡಿಲ್ಲ. ಹಾಗೆಂದು ಹೇಳಬಹುದಿತ್ತು. ಹೇಳಲಿಲ್ಲ. “ಹೂಂ, ಬಿಡಿಸ್ಕೊಂಡ್ಳು, ನಡುವೆ ಒಂದು ಕಡೆ ಬರುತ್ತೆ” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸಂದೇಹದ ಲವಲೇಶವೂ ಇಲ್ಲದ ದನಿಯಲ್ಲಿ ಇನ್ನೊಂದು ಮಾತು ಕೇಳಿದರು: “ದುಡ್ಡು ಎಲ್ಲಿಂದ ಹೊಂದಿಸಿದಳು, ಪಾಪ?”

ಕುಕ್ಕರ್ ಕೂಗುತ್ತಿದೆ, ಆಮೇಲೆ ಮಾತನಾಡುತ್ತೇನೆ ಎಂದು ಫೋನು ಇಟ್ಟುಬಿಟ್ಟೆ. ಕುಕ್ಕರನ್ನು ನಾನಿನ್ನೂ ಒಲೆಗೆ ಏರಿಸಿಯೇ ಇರಲಿಲ್ಲ.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಬಸ್ಸಿನಲ್ಲಿ ಕೂತರೂ ಅದೇ, ಹಲ್ಲುಜ್ಜುವಾಗಲೂ ಅದೇ. ತಪ್ಪಾಯಿತೆಂಬ ನಾಚಿಕೆಗಿಂತ, ಈ ತಪ್ಪು ಮಾಡಿದವಳು ನಾನು ಎಂಬುದೇ ಹೆಚ್ಚು ಚುಚ್ಚುತ್ತದೆ. ಏಕೆಂದರೆ ಶಿವಮೊಗ್ಗದ ಒಂದು ಸಹಕಾರಿ ಬ್ಯಾಂಕಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಕೆಲಸ ಮಾಡುತ್ತಿರುವ ನಾನು, ಅದರಲ್ಲಿ ಕೊನೆಯ ಒಂಬತ್ತು ವರ್ಷಗಳನ್ನು ಚಿನ್ನದ ಸಾಲದ ಮೇಜಿನಲ್ಲಿಯೇ ಕಳೆದಿದ್ದೇನೆ. ಊರಿನವರ ಬಳೆ, ಸರ, ಓಲೆಗಳ ಲೆಕ್ಕ ಇಡುವುದೇ ನನ್ನ ಉದ್ಯೋಗ. ಸರಾಫರು ಒರೆಗಲ್ಲಿಗೆ ಉಜ್ಜಿ ನೋಡಿದ ಮೇಲೆ ಒಡವೆಯನ್ನು ತಕ್ಕಡಿಗೆ ಹಾಕಿ, ಗ್ರಾಮಿನ ಎರಡು ದಶಾಂಶದವರೆಗೆ ಒಟ್ಟು ತೂಕ ಬರೆದು, ಅದರಲ್ಲಿ ಹರಳಿನದು ಇಷ್ಟು, ಒಳಗಿನ ಅರಗಿನದು ಇಷ್ಟು ಎಂದು ಕಳೆದು ನಿವ್ವಳ ತೂಕ ಬರೆಯುತ್ತೇವೆ. ಬಳಿಕ ಚೀಲಕ್ಕೆ ಹಾಕಿ, ಅಂಟಿಸಿ, ಸಂಖ್ಯೆ ಕೊಟ್ಟು, ಸಹಿ ಮಾಡಿ ತಿಜೋರಿಗೆ ಸೇರಿಸುತ್ತೇವೆ. ಆ ತಿಜೋರಿಗೆ ಎರಡು ಬೀಗದ ಕೈಗಳಿವೆ, ಅವು ಇಬ್ಬರ ಬಳಿ ಇರುತ್ತವೆ, ಒಬ್ಬರೇ ತೆರೆಯಲು ಬಾರದು. ಈ ಒಂಬತ್ತು ವರ್ಷಗಳಲ್ಲಿ ನನ್ನ ಕೈಯಿಂದ ಒಂದು ಮೂಗುತಿಯೂ ಆಚೀಚೆಯಾಗಿಲ್ಲ. ನಾನೇ ಹುಟ್ಟಿಸಿದ ಹೆಂಗಸಿನ ಎರಡು ಬಳೆಗಳು ಮಾತ್ರ ಯಾರ ಸಹಿಯೂ ಇಲ್ಲದೆ ತಿಜೋರಿಯಿಂದ ಎದ್ದು ಬಂದು ಅವಳ ಕೈ ಸೇರಿಬಿಟ್ಟವು.

ಬ್ಯಾಂಕಿನಲ್ಲೂ ಕಂತು, ಧಾರಾವಾಹಿಯಲ್ಲೂ ಕಂತು. ಎರಡಕ್ಕೂ ಗಡುವು ಉಂಟು. ವಾರಪತ್ರಿಕೆಗೆ ಪ್ರತಿ ಗುರುವಾರ ರಾತ್ರಿಯೊಳಗೆ ಸುಮಾರು 1,400 ಪದಗಳ ಒಂದು ಕಂತು ತಲುಪಬೇಕು. ಇಡೀ ಕಾದಂಬರಿಯನ್ನು ಮೊದಲೇ ಬರೆದು ಮುಗಿಸಿ ಕೊಡುವ ಜಾಣರಿದ್ದಾರೆ. ವಾರ ವಾರ ಬರೆಯುವುದನ್ನು ನಾನೇ ಆರಿಸಿಕೊಂಡೆ. ಕುತ್ತಿಗೆಯ ಮೇಲೆ ಕತ್ತಿಯಿಲ್ಲದಿದ್ದರೆ ನನ್ನಿಂದ ಬರವಣಿಗೆ ಆಗದೆಂದು ಇಪ್ಪತ್ತು ವರ್ಷಗಳ ಅನುಭವ ಕಲಿಸಿತ್ತು. ಬೆಳಿಗ್ಗೆ ಮುಕ್ಕಾಲು ಐದಕ್ಕೆ ಎದ್ದು ಹಾಲು ಬರುವವರೆಗೆ ಬರೆಯುವುದು, ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನಿನಲ್ಲೇ ನಾಲ್ಕು ಸಾಲು ಕುಟ್ಟುವುದು, ಭಾನುವಾರ ಯಾರೂ ಬರದಿದ್ದರೆ ಎರಡು ಗಂಟೆ ಕೂರುವುದು. ಭಾನುವಾರ ಯಾರಾದರೂ ಬಂದೇ ಬರುತ್ತಾರೆ. ವರ್ಷಕ್ಕೊಂದು ಹೊಸ ಡೈರಿ ತಂದು ಪಾತ್ರಗಳ ವಿವರ ಬರೆಯಲು ತೊಡಗುತ್ತೇನೆ. ಅದು ಫೆಬ್ರುವರಿಯ ಹೊತ್ತಿಗೆ ಹಾಲಿನ ಲೆಕ್ಕದ ಪುಸ್ತಕವಾಗಿರುತ್ತದೆ.

ಆದರೂ ನಾನು ಅಷ್ಟೇನೂ ಬೇಜವಾಬ್ದಾರಿಯಿಂದ ಬರೆಯಲಿಲ್ಲವೆಂಬುದಕ್ಕೆ ಒಂದು ಸಾಕ್ಷಿ ನನ್ನ ಬಳಿ ಇದೆ. ಹದಿನಾಲ್ಕನೆಯ ಕಂತನ್ನು ಬರೆಯುವಾಗ ಬಳೆಯ ವಿಷಯ ಎಲ್ಲೋ ಬಂದಿತ್ತಲ್ಲ ಎಂಬ ಅನುಮಾನ ಸುಳಿದು, ಹಿಂದಿನ ಕಂತುಗಳ ಕಡತಗಳನ್ನೆಲ್ಲ ತೆರೆದು ‘ಬಳೆ’ ಎಂದು ಹುಡುಕಿದ್ದೆ. ಏನೂ ಸಿಗಲಿಲ್ಲ. ಸಿಗಲು ಸಾಧ್ಯವೂ ಇರಲಿಲ್ಲ ಎಂಬುದು ಮೊನ್ನೆ ರಾತ್ರಿಯಷ್ಟೇ ಹೊಳೆಯಿತು. ಮೊದಲ ನಾಲ್ಕು ಕಂತುಗಳನ್ನು ನಾನು ಮನೆಯ ಹಳೆಯ ಕಂಪ್ಯೂಟರಿನಲ್ಲಿ, ಹಳೆಯ ನುಡಿ ತಂತ್ರಾಂಶದಲ್ಲಿ ಟೈಪಿಸಿದ್ದೆ. ಆಮೇಲಿನವನ್ನು ಫೋನಿನಲ್ಲಿ, ಯೂನಿಕೋಡಿನಲ್ಲಿ. ಹಳೆಯ ನುಡಿಯ ಅಕ್ಷರಗಳು ತೆರೆಯ ಮೇಲೆ ಕನ್ನಡವಾಗಿ ಕಂಡರೂ ಕಡತದ ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳಾಗಿ ಕೂತಿರುತ್ತವೆ. ಆ ಫಾಂಟನ್ನು ತೆಗೆದರೆ ಉಳಿಯುವುದು ಗಿಜಿಗಿಜಿ. ಯೂನಿಕೋಡಿನ ‘ಬಳೆ’ಗೆ ನುಡಿಯ ‘ಬಳೆ’ಯ ಗುರುತು ಹತ್ತುವುದೇ ಇಲ್ಲ. ಹೀಗೆ ಗಿರಿಜೆ ಬಳೆಗಳನ್ನು ಅಡವಿಟ್ಟದ್ದು ಒಂದು ಲಿಪಿಯಲ್ಲಿ, ಧರಿಸಿದ್ದು ಇನ್ನೊಂದು ಲಿಪಿಯಲ್ಲಿ. ಪರಿವರ್ತಕದಲ್ಲಿ ಹಾಕಿ ನಾಲ್ಕೂ ಕಂತುಗಳನ್ನು ಒಂದೇ ರೂಪಕ್ಕೆ ತರಲು ಹತ್ತು ನಿಮಿಷ ಸಾಕಿತ್ತು. ಆ ಹತ್ತು ನಿಮಿಷವನ್ನು ನಾನು ಮೂರು ತಿಂಗಳಿಂದ ಭಾನುವಾರಕ್ಕೆ ಮುಂದೂಡುತ್ತ ಬಂದಿದ್ದೆ.

ಮನೆಯಲ್ಲಿ ವಿಷಯ ಹೇಳಿದಾಗ ನನ್ನ ಯಜಮಾನರು, ಕಾದಂಬರಿಯನ್ನು ಎಕ್ಸೆಲ್ ಶೀಟಿನಲ್ಲಿ ಇಟ್ಟುಕೊಂಡಿದ್ದರೆ ಹೀಗಾಗುತ್ತಿರಲಿಲ್ಲ ಎಂದರು. ಅವರು ಒಳ್ಳೆಯವರೇ, ಆದರೆ ಜಗತ್ತಿನ ಯಾವ ದುಃಖಕ್ಕೂ ಅವರ ಬಳಿ ಒಂದು ಎಕ್ಸೆಲ್ ಶೀಟ್ ಇರುತ್ತದೆ. ವಾರಪತ್ರಿಕೆಯಲ್ಲಿ ನನ್ನ ಕಂತನ್ನು ನೋಡಿಕೊಳ್ಳುವ ಹುಡುಗನನ್ನು, ಇದು ನಿಮ್ಮ ಕಣ್ಣಿಗೂ ಬೀಳಲಿಲ್ಲವೇ ಎಂದು ಕೇಳಿದೆ. ಅವನು ತುಂಬ ವಿನಯದಿಂದ, “ಮೇಡಂ, ನಿಮ್ಮ ಭಾಷೆ ಎಷ್ಟು ಚೆನ್ನಾಗಿದೆ ಅಂದ್ರೆ ನಾವು ಅದರಲ್ಲೇ ಕೊಚ್ಚಿಕೊಂಡು ಹೋಗ್ತೀವಿ” ಎಂದ. ಓದದೆ ಪುಟಕ್ಕೆ ಏರಿಸಿದ್ದೇವೆ ಎಂಬುದನ್ನು ಇದಕ್ಕಿಂತ ಸಭ್ಯವಾಗಿ ಹೇಳಲು ಬರುವುದಿಲ್ಲ. ಇನ್ನು ನನ್ನ ಲೇಖಕ ಮಿತ್ರರೊಬ್ಬರಿದ್ದಾರೆ. ಬರವಣಿಗೆ ಒಳಗಿನಿಂದ ಉಕ್ಕಬೇಕು, ಟೈಂಟೇಬಲ್ ಹಾಕಿದರೆ ಅದು ಗುಮಾಸ್ತಿಕೆ ಎಂಬುದು ಅವರ ಸಿದ್ಧಾಂತ. ಹನ್ನೊಂದು ವರ್ಷಗಳಿಂದ ಒಂದೇ ಕಾದಂಬರಿಯ ಎರಡನೆಯ ಅಧ್ಯಾಯ ಉಕ್ಕುವುದನ್ನು ಕಾಯುತ್ತಿರುವ ಅವರೊಡನೆ ನಾನು ವಾದ ಮಾಡುವುದಿಲ್ಲ. ನಾನೋ ಹುಟ್ಟು ಗುಮಾಸ್ತೆ.

ಗುಮಾಸ್ತಿಕೆಯ ಮಾತು ಬಂದಾಗಲೆಲ್ಲ ನನಗೆ ನೆನಪಾಗುವವನು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರೋಲೊಪ್. ಅಂಚೆ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕೂತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದಗಳ ಲೆಕ್ಕದಲ್ಲಿ ಬರೆಯುತ್ತಿದ್ದನಾತ. 1883ರಲ್ಲಿ, ಅವನು ತೀರಿಕೊಂಡ ಮೇಲೆ ಪ್ರಕಟವಾದ ಆತ್ಮಕಥೆಯಲ್ಲಿ ಈ ಲೆಕ್ಕವನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದರಿಂದ ವಿಮರ್ಶಕರ ಕಣ್ಣಲ್ಲಿ ಅವನ ಬೆಲೆ ಇಳಿಯಿತು. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ: ತನ್ನನ್ನು ಎಬ್ಬಿಸಿ ಕಾಫಿ ಕೊಡಲು ಒಬ್ಬ ಮುದಿ ಆಳಿಗೆ ವರ್ಷಕ್ಕೆ ಐದು ಪೌಂಡ್ ಹೆಚ್ಚಿಗೆ ಕೊಡುತ್ತಿದ್ದುದಾಗಿಯೂ, ತನ್ನ ಯಶಸ್ಸಿಗೆ ತಾನು ಬೇರೆಲ್ಲರಿಗಿಂತ ಹೆಚ್ಚಾಗಿ ಅವನಿಗೇ ಋಣಿಯಾಗಿರುವುದಾಗಿಯೂ ಅವನು ಒಪ್ಪಿಕೊಳ್ಳುತ್ತಾನೆ. ಸಮಯ ಪಾಲನೆಯ ಬಗ್ಗೆ ಉಪದೇಶ ಕೊಡುವ ಗಂಡಸರು ಗಡಿಯಾರವನ್ನು ನೆನೆಯುತ್ತಾರೆ, ಕಾಫಿ ಕೊಟ್ಟವನನ್ನು ನೆನೆಯುವುದಿಲ್ಲ. ಟ್ರೋಲೊಪ್ ನೆನೆದ ಎಂಬ ಕಾರಣಕ್ಕೇ ಅವನ ಮೇಲೆ ನನಗೆ ಪ್ರೀತಿ. ನಮ್ಮ ಎಂ.ಕೆ. ಇಂದಿರಾ ಕಾದಂಬರಿ ಬರೆಯಲು ತೊಡಗಿದ್ದು ತಮ್ಮ ನಲವತ್ತೈದನೆಯ ವಯಸ್ಸಿನಲ್ಲಿ. ಮೊದಲ ಕಾದಂಬರಿ ‘ತುಂಗಭದ್ರಾ’ ಹೊರಬಂದದ್ದು 1963ರಲ್ಲಿ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಅವರನ್ನು ಎಬ್ಬಿಸಿ ಕಾಫಿ ಕೊಡುವವರು ಯಾರಾದರೂ ಇದ್ದರೇ ಎಂದು ಕೇಳಬೇಕೆನಿಸುತ್ತದೆ.

ಇಷ್ಟೆಲ್ಲ ಹೇಳಿಕೊಂಡರೂ ಗಿರಿಜೆಯ ಬಳೆಯ ವಿಷಯದಲ್ಲಿ ಸಮಯವನ್ನು ದೂರುವುದು ಸುಳ್ಳಾದೀತು. ಮಂಗಳವಾರ ರಾತ್ರಿ ಆ ಹದಿನಾಲ್ಕನೆಯ ಕಂತನ್ನು ಮತ್ತೆ ಓದಿದೆ. “ಅಕ್ಕಿ ತೊಳೆಯುತ್ತಿದ್ದ ಗಿರಿಜೆಯ ಚಿನ್ನದ ಬಳೆಗಳು ಹಿತ್ತಾಳೆಯ ಅಂಚಿಗೆ ತಾಗಿ, ದೂರದ ಗುಡಿಯ ಗಂಟೆಯ ಹಾಗೆ ನುಡಿದವು.” ಈ ವಾಕ್ಯ ಬರೆದ ಬೆಳಗು ನನಗೆ ಚೆನ್ನಾಗಿ ನೆನಪಿದೆ. ಅಂದು ಆತುರವೇನೂ ಇರಲಿಲ್ಲ. ಎರಡನೆಯ ಶನಿವಾರ, ಬ್ಯಾಂಕಿಗೆ ರಜೆ. ಈ ಒಂದು ವಾಕ್ಯವನ್ನು ನಾಲ್ಕು ಸಲ ತಿದ್ದಿದ್ದೆ. ಮೊದಲು ಗಾಜಿನ ಬಳೆ ಎಂದೇ ಇತ್ತು. ಗಾಜಿಗೆ ಗಂಟೆಯ ನಾದ ಒಗ್ಗಲಿಲ್ಲವೆಂದು ಅದನ್ನು ಹೊಡೆದು ಚಿನ್ನ ಮಾಡಿದೆ. ಅಂದರೆ ಹೊತ್ತಿಲ್ಲದ್ದಕ್ಕೆ ಆದ ತಪ್ಪಲ್ಲ ಇದು, ಹೊತ್ತು ಹೆಚ್ಚಾಗಿ ಆದದ್ದು. ಕಿವಿಗೆ ಇಂಪಾಗಲಿ ಎಂದು ಬಡವಳ ಕೈಗೆ ಇಪ್ಪತ್ತನಾಲ್ಕು ಗ್ರಾಂ ಚಿನ್ನ ತೊಡಿಸುವಾಗ ಅವಳ ಸಾಲ ನನಗೆ ನೆನಪಿರಲಿಲ್ಲ. ಸಾಗರದ ಆ ಅಜ್ಜಿಗೆ ಹನ್ನೊಂದು ವಾರ ನೆನಪಿತ್ತು. ಅವರ ಬಳಿ ಡೈರಿ ಇರಲಿಲ್ಲ, ಬಣ್ಣ ಬಣ್ಣದ ಚೀಟಿಗಳಿರಲಿಲ್ಲ. ಗಿರಿಜೆಯ ಬಳೆ ಗಿರವಿ ಅಂಗಡಿಯಲ್ಲಿದೆ ಎಂಬುದು ಅವರಿಗೆ ನೆರೆಮನೆಯ ಸಂಗತಿಯಷ್ಟೇ ನಿಜವಾಗಿತ್ತು. ನನಗೆ ಅದು ಮೂರನೆಯ ಕಂತಿನ ಒಂದು ಸನ್ನಿವೇಶವಾಗಿತ್ತು, ಬರೆದು ಕಳಿಸಿದ ಮೇಲೆ ಮುಗಿದ ಕೆಲಸ.

ಹದಿನೈದು, ಹದಿನಾರನೆಯ ಕಂತುಗಳು ಆಗಲೇ ಪತ್ರಿಕೆಯ ಕೈಸೇರಿವೆ, ಸರಿಪಡಿಸುವುದಿದ್ದರೆ ಹದಿನೇಳರಲ್ಲೇ. ಮೊದಲು ಹೊಳೆದ ಉಪಾಯ, ಅವು ಗಿಲೀಟಿನ ಬಳೆಗಳಾಗಿದ್ದವು ಎಂದುಬಿಡುವುದು. ಓದುಗರನ್ನು ದಡ್ಡರೆಂದು ತಿಳಿದವರು ಮಾಡುವ ಕೆಲಸವದು. ಎರಡನೆಯದು, ಬಿಡಿಸಿಕೊಂಡಳು ಎಂದೇ ಬರೆಯುವುದು. ಹಾಗಿದ್ದರೆ ದುಡ್ಡು ಎಲ್ಲಿಂದ? ಬ್ಯಾಂಕಿನವಳಾದ್ದರಿಂದ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಕತೆ ನಡೆಯುವುದು 1996ರಲ್ಲಿ, ಹತ್ತು ಗ್ರಾಂ ಚಿನ್ನಕ್ಕೆ ಸುಮಾರು 5,000 ರೂಪಾಯಿ ಇದ್ದ ಕಾಲದಲ್ಲಿ. ಆ ಬಳೆಗಳ ಮೇಲೆ ಅವಳಿಗೆ ಸಿಕ್ಕಿದ್ದು 7,000 ರೂಪಾಯಿ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ 140 ರೂಪಾಯಿ, ಕತೆಯಲ್ಲಿ ಕಳೆದ ಹನ್ನೊಂದು ತಿಂಗಳಿಗೆ 1,540. ಬಿಡಿಸಬೇಕಾದರೆ 8,540 ಬೇಕು. ಹಪ್ಪಳ ಸಂಡಿಗೆ ಮಾರಿ ಅವಳಿಗೆ ತಿಂಗಳಿಗೆ 450 ಬರುತ್ತದೆ ಎಂದು ನಾನೇ ಬರೆದಿದ್ದೇನೆ. ಹನ್ನೊಂದು ತಿಂಗಳು ಒಂದು ಹೊತ್ತೂ ಉಣ್ಣದೆ ಕೂಡಿಟ್ಟರೂ 4,950. ಇಷ್ಟು ಲೆಕ್ಕ ಹಾಕಿದ ಮೇಲೆ ಮೊದಲ ಸಲ ನನಗೆ ಗಿರಿಜೆಯನ್ನು ನೆನೆದು ಹೊಟ್ಟೆಯಲ್ಲಿ ಸಂಕಟವಾಯಿತು. ಮೂರನೆಯ ಕಂತಿನಲ್ಲಿ ಅವಳನ್ನು ಅಳಿಸಿದಾಗ ಆಗಿರಲಿಲ್ಲ.

ಬುಧವಾರ ಸಂಜೆ ನಾನೇ ಫೋನು ಮಾಡಿದೆ. ಬಿಡಿಸಿಕೊಂಡಳೆಂದು ಅಂದು ಹೇಳಿದ್ದು ಸುಳ್ಳು, ನಾನು ಮರೆತಿದ್ದೆ, ತಪ್ಪು ನನ್ನದು ಎಂದು ಒಪ್ಪಿಕೊಂಡೆ. ಅವರು ನಗಲಿಲ್ಲ, ಬೇಸರವನ್ನೂ ಪಟ್ಟುಕೊಳ್ಳಲಿಲ್ಲ. ಕಂತು ಬಂದ ಕೂಡಲೇ ಆ ಪುಟಗಳನ್ನು ಕತ್ತರಿಸಿ, ಬದಿಯಲ್ಲಿ ಸೂಜಿ ದಾರದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ಹಾಳೆಯನ್ನು ರಟ್ಟಾಗಿ ಹಾಕುವುದು ಅವರ ರೂಢಿಯಂತೆ. 1965ರಲ್ಲಿ ‘ಸುಧಾ’ ಶುರುವಾದಾಗ ಅವರ ಅಕ್ಕ ಹಾಗೆ ಮಾಡುತ್ತಿದ್ದಳಂತೆ. 1983ರಲ್ಲಿ ‘ತರಂಗ’ ಬಂದಾಗ ಇವರು ಮುಂದುವರಿಸಿದರಂತೆ. ಸೋಮವಾರ ನಾನು ಫೋನು ಇಟ್ಟ ಮೇಲೆ ಹೊಲಿದ ಅಷ್ಟೂ ಪುಟಗಳನ್ನು ತಿರುವಿ ನೋಡಿದ್ದರು. ಒಂದು ಕಂತೂ ತಪ್ಪಿರಲಿಲ್ಲವೆಂಬುದು ಅವರಿಗೆ ಅಂದೇ ಖಾತ್ರಿಯಾಗಿತ್ತು.

“ಅವ್ಳು ಬಿಡಿಸ್ಕೊಂಡಿಲ್ಲ ಬಿಡಿ,” ಎಂದರು, ಗಿರಿಜೆ ನನಗಿಂತ ಅವರಿಗೇ ಹತ್ತಿರದವಳೆಂಬಂತೆ. “ಮದುವೆ ಮನೆಗೆ ಬರೀ ಕೈಯಲ್ಲಿ ಹೋಗೋಕಾಗುತ್ತಾ? ಯಾರದ್ದೋ ಎರವಲು ತಂದು ಹಾಕ್ಕೊಂಡಿದಾಳೆ. ನಾವೆಲ್ಲ ಹಂಗೇ ಮಾಡ್ತಿದ್ವಿ. ನನ್ನ ತಂಗಿ ಮದುವೇಲಿ ನಾನು ಹಾಕ್ಕೊಂಡಿದ್ದು ಪಕ್ಕದ ಮನೆಯವರ ಬಳೆ. ಸದ್ದಾದ್ರೆ ಎಲ್ಲಿ ನಗ್ಗಿ ಹೋಗುತ್ತೋ ಅಂತ ಇಡೀ ದಿನ ಕೈ ಎತ್ತಿಕೊಂಡೇ ಕೆಲ್ಸ ಮಾಡಿದ್ದೆ.”

ನಾನು ಗಂಟೆಯ ನಾದ ಎಂದು ಬರೆದ ಸದ್ದು ಇದು.

ಫೋನು ಇಡುವ ಮುನ್ನ ಅವರು ಇನ್ನೊಂದು ಪ್ರಶ್ನೆ ಕೇಳಿದರು: “ಯಾರ ಬಳೆ ಅಂತ ಮುಂದೆ ಹೇಳ್ತೀರಲ್ಲ?” ಹೂಂ ಎಂದೆ. ಈ ಸಲ ಕುಕ್ಕರ್ ನಿಜವಾಗಿಯೂ ಕೂಗುತ್ತಿತ್ತು.

ಇಂದು ಗುರುವಾರ. ಬ್ಯಾಂಕಿನಲ್ಲಿ ಬಳಸದೆ ಉಳಿದಿದ್ದ ಒಂದು ಹಳೆಯ ರಿಜಿಸ್ಟರನ್ನು ಮ್ಯಾನೇಜರರನ್ನು ಕೇಳಿ ಮನೆಗೆ ತಂದಿದ್ದೇನೆ. ಮೊದಲ ಸಾಲಿನಲ್ಲಿ ಗಿರಿಜೆಯ ಹೆಸರು, ಒಡವೆಯ ವಿವರ, ಒಟ್ಟು ತೂಕ 24.10, ನಿವ್ವಳ 23.40, ಸಾಲ 7,000, ಬಾಕಿ ಇದೆ. ಎರಡನೆಯ ಸಾಲಿನಲ್ಲಿ ಎರವಲು ತಂದ ಬಳೆಗಳು. ಅವುಗಳ ತೂಕವನ್ನು ಬರೆದಾಗಿದೆ. ಒಡತಿಯ ಹೆಸರಿನ ಅಂಕಣ ಇನ್ನೂ ಖಾಲಿ ಇದೆ, ಗಂಟೆ ಈಗ ಒಂಬತ್ತೂ ಹತ್ತು.