ಎಂಟು ಸೆಕೆಂಡು

ಶುಕ್ರವಾರ ಬೆಳಿಗ್ಗೆ ಆರೂವರೆಗೆ ವಿಡಿಯೊ ಅಪ್‌ಲೋಡ್ ಮಾಡಿದೆ. ಹಲ್ಲುಜ್ಜಿ ಬರುವಷ್ಟರಲ್ಲಿ ನನ್ನ ಹಾಡು ನನ್ನದಲ್ಲ ಅಂತ ಮೇಲ್ ಬಂದಿತ್ತು.

ಹಾಡು ಅಂದೆ, ಆದರೆ ಅದರಲ್ಲಿ ಹಾಡುವವರು ಯಾರೂ ಇಲ್ಲ. ಆರು ನಿಮಿಷದ ಎಲೆಕ್ಟ್ರಾನಿಕ್ ಟ್ರ್ಯಾಕ್ ಅದು. ಮನೆಯಲ್ಲಿ ಅದಕ್ಕಿರುವ ಹೆಸರು ‘ನಿನ್ನ ಶಬ್ದ’. ಆ ಶಬ್ದಕ್ಕೆ ಒಂಬತ್ತು ತಿಂಗಳು ಕೂತಿದ್ದೆ. ಹೊಟ್ಟೆಪಾಡಿಗೆ ಮಾಡುವ ಕೆಲಸ ಬೇರೆ: ಜಾಹೀರಾತಿಗೆ ಮೂವತ್ತು ಸೆಕೆಂಡಿನ ಸಂಗೀತ, ಯಾರದೋ ಪಾಡ್‌ಕಾಸ್ಟಿನ ಮುನ್ನುಡಿಗೆ ಒಂದು ಟ್ಯೂನು, ಇನ್ಯಾರದೋ ಆಲ್ಬಮ್ಮಿನ ಮಿಕ್ಸಿಂಗ್. ಅದೆಲ್ಲ ಮುಗಿದ ಮೇಲೆ, ರಾತ್ರಿ ಹನ್ನೊಂದರ ನಂತರ, ಹೆಡ್‌ಫೋನ್ ಹಾಕಿಕೊಂಡು ಕೂತರೆ ಅದು ನನ್ನ ಪಾಲು.

ಬಿಡುಗಡೆಗೆ ಶುಕ್ರವಾರವೇ ಯಾಕೆ ಅಂತ ಕೆಲವರು ಕೇಳುವುದುಂಟು. ಶುಭ ಅಶುಭದ ಲೆಕ್ಕವಲ್ಲ. 2015ರ ಜುಲೈವರೆಗೆ ಒಂದೊಂದು ದೇಶದಲ್ಲಿ ವಾರದ ಒಂದೊಂದು ದಿನ ಹೊಸ ಸಂಗೀತ ಬರುತ್ತಿತ್ತು; ಆಮೇಲೆ ಉದ್ಯಮವೆಲ್ಲ ಸೇರಿ ಶುಕ್ರವಾರಕ್ಕೆ ಗಂಟು ಹಾಕಿತು. ದೊಡ್ಡ ಲೇಬಲ್ಲಿನವರ ಜೊತೆಗೆ ನನ್ನಂಥ ಒಂಟಿ ಆಸಾಮಿಯೂ ಅದೇ ದಿನ ಸಾಲಿನಲ್ಲಿ ನಿಲ್ಲಬೇಕು. ಅವರಿಗೆ ಒಂದೊಂದು ಕೆಲಸಕ್ಕೆ ಒಬ್ಬೊಬ್ಬರು. ನನ್ನ ಲೇಬಲ್ಲಿನ ಮಾಲೀಕ, ಪ್ರಚಾರದವ, ಲೆಕ್ಕ ಬರೆಯುವವ, ವಕೀಲ ಎಲ್ಲ ಒಬ್ಬನೇ. ಆ ಬೆಳಿಗ್ಗೆ ವಕೀಲನ ಸರದಿ ಬಂತು.

ಮೇಲಿನಲ್ಲಿ ಇದ್ದದ್ದು ಇಷ್ಟು: ವಿಡಿಯೊದ 0:04ರಿಂದ 0:12ರವರೆಗಿನ ಶಬ್ದ ಬೇರೊಬ್ಬರ ಹಕ್ಕಿನದು, ವಿಡಿಯೊ ಇರಬಹುದು, ಅದರಿಂದ ಬರುವ ಹಣ ಅವರಿಗೆ ಹೋಗುತ್ತದೆ. ಒಪ್ಪದಿದ್ದರೆ ಆಕ್ಷೇಪ ಸಲ್ಲಿಸಿ, ಎದುರಿನವರಿಗೆ ಉತ್ತರ ಕೊಡಲು 30 ದಿನ.

ಮೊದಲು ನಗು ಬಂತು, ಆಮೇಲೆ ಮೈ ಉರಿಯಿತು. ಎಂಟು ಸೆಕೆಂಡು! 120 ಬಿಪಿಎಮ್‌ನಲ್ಲಿ ಅಂದರೆ ನಿಮಿಷಕ್ಕೆ 120 ಬಡಿತದ ವೇಗದಲ್ಲಿ, ಸರಿಯಾಗಿ ನಾಲ್ಕು ಬಾರ್ (ಒಂದು ಬಾರ್ ಅಂದರೆ ನಾಲ್ಕು ಬಡಿತ). ಮರದ ಮೇಲೆ ಯಾರೋ ಬೆರಳಿನ ಗೆಣ್ಣಿನಿಂದ ಬಡಿದಂಥ ತಾಳ, ಹಿಂದೆ ತುಸು ಗಾಳಿಯಂಥ ಗದ್ದಲ. ಇಡೀ ಟ್ರ್ಯಾಕಿನಲ್ಲಿ ನನಗೆ ಅತಿ ಪ್ರಿಯವಾದ ಜಾಗ ಅದೇ. ಮುಂಚೆಯೇ ಕೇಳಿಸಿದ್ದ ಒಬ್ಬಳು ಗೆಳತಿ “ಆ ಶುರು ಎಲ್ಲಿಂದ ತಂದೆ ಮಾರಾಯ?” ಅಂತ ಮೆಸೇಜ್ ಕಳಿಸಿದ್ದಳು. “ಅದಕ್ಕೇ ಎರಡು ವಾರ ಹಿಡಿಯಿತು” ಅಂತ ನಾನು ಉತ್ತರ ಬರೆದಿದ್ದೆ. ಸುಳ್ಳು ಹೇಳುತ್ತಿದ್ದೇನೆ ಅನ್ನುವ ಅರಿವು ಒಂದು ಚೂರೂ ಇರಲಿಲ್ಲ.

ಆಕ್ಷೇಪ ಬರೆಯಲು ಕೂತೆ. ಸಾಕ್ಷಿಗೆಂದು ಹಳೆಯ ಪ್ರಾಜೆಕ್ಟ್ ಫೈಲ್ ತೆರೆದೆ. ತೆರೆಯುತ್ತಿದ್ದಂತೆ ಶಬ್ದ ತಿದ್ದುವ ಮೂರು ಪ್ಲಗಿನ್ ಸಿಗುತ್ತಿಲ್ಲ ಅಂತ ಎಚ್ಚರಿಕೆ. ಆ ಫೈಲ್ ಮಾಡಿದ ಮೇಲೆ ಲ್ಯಾಪ್‌ಟಾಪ್ ಬದಲಿಸಿದ್ದೆ. ಚಾನೆಲ್ಲುಗಳಿಗೆ ನಾನಿಟ್ಟ ಹೆಸರುಗಳನ್ನು ನೋಡಿದರೆ ಯಾವ ನ್ಯಾಯಾಲಯವೂ ನನ್ನನ್ನು ನಂಬಲಿಕ್ಕಿಲ್ಲ: ‘ಹೊಸದು’, ‘ಹೊಸದು ಕೊನೆ’, ‘ಹೊಸದು ಕೊನೆ 2’, ‘ಇದೇ’. ಆ ಗೆಣ್ಣಿನ ತಾಳ ‘ಇದೇ’ ಅನ್ನುವ ಚಾನೆಲ್ಲಿನಲ್ಲಿತ್ತು. ಅದರಲ್ಲಿ ಸ್ವರದ ನೋಟುಗಳಿಲ್ಲ, ಸಿಂಥಸೈಜರ್ ಇಲ್ಲ, ಒಂದೇ ಒಂದು ಆಡಿಯೊ ತುಣುಕು. ಮೈಕಿನಲ್ಲಿ ರೆಕಾರ್ಡ್ ಮಾಡಿದ್ದರೆ ರೆಕಾರ್ಡಿಂಗ್ ಫೋಲ್ಡರಿನಲ್ಲಿ ಇರಬೇಕಿತ್ತು. ಇರಲಿಲ್ಲ.

ಎರಡು ತಾಸು ಹುಡುಕಿದೆ. ನಾಲ್ಕು ವರ್ಷದ ಹಿಂದೆ ದುಡ್ಡು ಕೊಟ್ಟು ಇಳಿಸಿಕೊಂಡಿದ್ದ ಸ್ಯಾಂಪಲ್ ಲೈಬ್ರರಿಯೊಂದು, ಅಂದರೆ ಬಳಸಲು ಸಿದ್ಧವಾಗಿರುವ ಶಬ್ದಗಳ ಸಂಗ್ರಹ, ಹಳೆಯ ಹಾರ್ಡ್ ಡಿಸ್ಕಿನಲ್ಲಿ ಸಿಕ್ಕಿತು. ಅದರ ತಾಳವಾದ್ಯದ ಫೋಲ್ಡರಿನಲ್ಲಿ 120 ಅಂತ ಹೆಸರಿನಲ್ಲೇ ಬರೆದಿದ್ದ ಒಂದು ಲೂಪ್, ಮತ್ತೆ ಮತ್ತೆ ಸುತ್ತಿಸಿ ನುಡಿಸುವ ತುಣುಕು. ಒತ್ತಿದೆ. ಹೊಟ್ಟೆಯಲ್ಲಿ ಏನೋ ಕಳಚಿ ಬಿದ್ದಂತಾಯಿತು.

ಆದರೂ ಮನಸ್ಸು ಒಪ್ಪಲಿಲ್ಲ. ಅದೇ ಥರ ಇರಬಹುದು, ಅದೇ ಅಲ್ಲದೆಯೂ ಇರಬಹುದಲ್ಲ? ಇದನ್ನು ಪರೀಕ್ಷಿಸಲು ನಮ್ಮಲ್ಲಿ ಒಂದು ಉಪಾಯವಿದೆ. ಎರಡೂ ಶಬ್ದಗಳನ್ನು ಒಂದರ ಕೆಳಗೊಂದು ಇಟ್ಟು, ಶುರುವಿನ ಬಿಂದು ಸರಿಯಾಗಿ ಹೊಂದಿಸಿ, ಒಂದರ ಫೇಸ್ ತಿರುಗಿಸಬೇಕು. ಅಂದರೆ ಅಲೆ ಮೇಲೆದ್ದಲ್ಲಿ ಕೆಳಗೆ, ಇಳಿದಲ್ಲಿ ಮೇಲೆ. ಆಮೇಲೆ ಎರಡನ್ನೂ ಒಟ್ಟಿಗೆ ನುಡಿಸಿದರೆ ಎಲ್ಲಿ ವ್ಯತ್ಯಾಸ ಇದೆಯೋ ಅಷ್ಟು ಮಾತ್ರ ಕೇಳುತ್ತದೆ. ಒಂದು ಎಕ್ವಲೈಸರ್ ಮುಟ್ಟಿದ್ದರೂ, ಕೂದಲೆಳೆಯಷ್ಟು ಪಿಚ್ ಬದಲಿಸಿದ್ದರೂ ಸಿಕ್ಕಿಬೀಳುತ್ತದೆ. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ಪೂರ್ತಿ ತಿಂದುಹಾಕುತ್ತವೆ.

ಸ್ಪೇಸ್ ಬಾರ್ ಒತ್ತಿದೆ. ಗೆರೆ ಸರಿಯುತ್ತಾ ಹೋಯಿತು, ನಾಲ್ಕು ಬಾರ್ ದಾಟಿತು. ಮೀಟರ್ ಅಲುಗಲಿಲ್ಲ. ವಾಲ್ಯೂಮ್ ಪೂರ್ತಿ ಏರಿಸಿದೆ. ಸ್ಪೀಕರಿನ ಸಣ್ಣ ಗುಯ್ಗುಡುವಿಕೆ ಬಿಟ್ಟರೆ ಏನೂ ಇಲ್ಲ.

ಎರಡು ವಾರ ಹಿಡಿದದ್ದು ಯಾವುದಕ್ಕೆ ಹಾಗಾದರೆ? ಬಹುಶಃ ಅದರ ನಂತರ ಬರುವ ಬೇಸ್‌ಗೆ. ಇಲ್ಲವೇ ಆ ಲೂಪನ್ನು ಸಾವಿರದಲ್ಲಿ ಆರಿಸುವುದಕ್ಕೆ. ತಾತ್ಕಾಲಿಕವಾಗಿ ಇರಲಿ, ಆಮೇಲೆ ನಾನೇ ಒಂದು ರೆಕಾರ್ಡ್ ಮಾಡುತ್ತೇನೆ ಅಂತ ಎಳೆದು ಹಾಕಿರುತ್ತೇನೆ. ಒಂಬತ್ತು ತಿಂಗಳು ಅದನ್ನೇ ಕೇಳಿ ಕೇಳಿ ಅದು ನನ್ನದೇ ಆಗಿಬಿಟ್ಟಿದೆ. ಎರವಲು ತಂದ ಪಾತ್ರೆ ಮನೆಯಲ್ಲೇ ಉಳಿದು ಮಸಿ ಹಿಡಿದರೆ ಯಾರದ್ದು ಅನ್ನುವುದು ಮರೆತುಹೋಗುವ ಹಾಗೆ.

ಕಾನೂನಿನ ಲೆಕ್ಕದಲ್ಲಿ ನಾನು ಕಳ್ಳನಲ್ಲ, ಅದನ್ನೂ ಹೇಳಿಬಿಡಬೇಕು. ಇಂಥ ಲೈಬ್ರರಿಗಳನ್ನು ಕೊಂಡವರೆಲ್ಲ ತಮ್ಮ ಟ್ರ್ಯಾಕಿನಲ್ಲಿ ಬಳಸಬಹುದು, ಪ್ರತ್ಯೇಕ ರಾಯಲ್ಟಿ ಕೊಡಬೇಕಿಲ್ಲ. ಕೊಂಡವರಲ್ಲಿ ಯಾರಿಗೂ ಅದರ ಮೇಲೆ ಏಕಸ್ವಾಮ್ಯ ಇರುವುದಿಲ್ಲ, ಗಂಟು ಇರುವುದೇ ಅಲ್ಲಿ. ಹಾಡುಗಳನ್ನು ಗುರುತಿಸುವ ಯಂತ್ರ ಶಬ್ದದ ಬೆರಳಚ್ಚು ತೆಗೆದಿಟ್ಟುಕೊಂಡಿರುತ್ತದೆ. ಯಾವ ಕ್ಷಣದಲ್ಲಿ ಯಾವ ಆವರ್ತನ ಜೋರಾಗಿದೆ ಅನ್ನುವ ಗುರುತುಗಳ ನಕ್ಷೆ ಅದು. ಅದೇ ಲೂಪ್ ಬಳಸಿ ನನಗಿಂತ ಮೊದಲು ಯಾರೋ ತಮ್ಮ ಟ್ರ್ಯಾಕನ್ನು ಆ ವ್ಯವಸ್ಥೆಗೆ ಸೇರಿಸಿದ್ದಾರೆ. ನಾನೂ ಮುಟ್ಟಿಲ್ಲ, ಅವರೂ ಮುಟ್ಟಿಲ್ಲ, ಬೆರಳಚ್ಚು ಒಂದೇ. ಲೈಸೆನ್ಸ್ ಅನ್ನುವುದು ಯಂತ್ರಕ್ಕೆ ಕೇಳಿಸುವ ಶಬ್ದವಲ್ಲ. ಸರಿ, ಅವರು ಹೇಗೆ ಸೇರಿಸಿದರು? ಟ್ರ್ಯಾಕನ್ನು ಕೇಳುಗರ ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರಿನ ಫಾರಂ ತುಂಬುವಾಗ ಒಂದು ಪ್ರಶ್ನೆ ಬರುತ್ತದೆ: ಇದರಲ್ಲಿ ಬೇರೆಯವರಿಗೂ ಸಿಗುವಂಥ ಲೂಪ್ ಏನಾದರೂ ಇದೆಯೇ? ಅವರು ‘ಇಲ್ಲ’ ಅಂದಿರಬೇಕು. ಬೈಯಲು ಬಾಯಿ ತೆರೆದವನಿಗೆ ಮೂರು ವಾರದ ಹಿಂದೆ ಅರ್ಧರಾತ್ರಿ ಅದೇ ಪ್ರಶ್ನೆಗೆ ನಾನೂ ‘ಇಲ್ಲ’ ಒತ್ತಿದ್ದು ನೆನಪಾಯಿತು.

ಈ ಕಸುಬಿನಲ್ಲಿ ಶಬ್ದ ಯಾರದ್ದು ಅನ್ನುವ ಪ್ರಶ್ನೆಗೆ ಸರಳ ಉತ್ತರ ಎಂದೂ ಇರಲಿಲ್ಲ. 1969ರಲ್ಲಿ ದಿ ವಿನ್‌ಸ್ಟನ್ಸ್ ಎಂಬ ತಂಡ ‘ಆಮೆನ್, ಬ್ರದರ್’ ಅಂತ ಒಂದು ರೆಕಾರ್ಡ್ ಮಾಡಿತು, ಅದೂ ಗ್ರಾಮಫೋನ್ ತಟ್ಟೆಯ ಹಿಂಬದಿಗೆ. ನಡುವೆ ಬೇರೆ ವಾದ್ಯಗಳೆಲ್ಲ ನಿಂತು ಗ್ರೆಗರಿ ಕೋಲ್‌ಮನ್ ನಾಲ್ಕು ಬಾರ್ ಡ್ರಮ್ ಬಾರಿಸುತ್ತಾನೆ. ಸುಮಾರು ಏಳು ಸೆಕೆಂಡು, ಅಷ್ಟೇ. ಶಬ್ದದ ತುಣುಕು ಹಿಡಿದಿಟ್ಟು ಮತ್ತೆ ನುಡಿಸುವ ಸ್ಯಾಂಪ್ಲರ್ ಯಂತ್ರ ಬಂದ ಮೇಲೆ ಜನ ಅದನ್ನು ಕತ್ತರಿಸಿ, ಓಡಿಸಿ, ತಿರುಗಿಸಿ ಸಾವಿರಾರು ಟ್ರ್ಯಾಕ್ ಕಟ್ಟಿದರು. ಜಂಗಲ್, ಡ್ರಮ್ ಅಂಡ್ ಬೇಸ್ ಎಂಬ ಪ್ರಕಾರಗಳು ಅದರ ಬೆನ್ನ ಮೇಲೇ ನಿಂತಿವೆ. ಕೋಲ್‌ಮನ್‌ಗೆ ಅದರಿಂದ ರಾಯಲ್ಟಿ ಅಂತ ಏನೂ ಬರಲಿಲ್ಲ, 2006ರಲ್ಲಿ ಬಡವನಾಗಿಯೇ ತೀರಿಕೊಂಡ. 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ತಂಡದ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್‌ಗೆ ಸುಮಾರು 24,000 ಪೌಂಡ್ ಕೊಟ್ಟರು. ಆ ಡ್ರಮ್ಮನ್ನು ನಾನೂ ಕಲಿಯುವ ದಿನಗಳಲ್ಲಿ ಕತ್ತರಿಸಿದ್ದೇನೆ. ಆಗ ಈ ಮನುಷ್ಯನ ಹೆಸರು ಕೂಡ ಗೊತ್ತಿರಲಿಲ್ಲ.

ಆಕ್ಷೇಪ ಬದಿಗಿಟ್ಟು ಎದುರಿನವನ ಟ್ರ್ಯಾಕ್ ಹುಡುಕಿ ಕೇಳಿದೆ. ಅವನೂ ಒಬ್ಬನೇ ಕೂತು ಮಾಡುವವ. ಲೂಪ್ ಅವನಲ್ಲಿ ಎರಡನೇ ನಿಮಿಷದಲ್ಲಿ ಬರುತ್ತದೆ, ಬಂದು ಹತ್ತು ಸೆಕೆಂಡಿಗೆ ಹೋಗುತ್ತದೆ. ನನ್ನಷ್ಟು ಚೆನ್ನಾಗಿ ಬಳಸಿಲ್ಲ ಅಂತ ಅನಿಸಿತು. ಆ ಹೊತ್ತಿನಲ್ಲೂ ಅಷ್ಟು ಹೊಟ್ಟೆಕಿಚ್ಚು ಉಳಿದಿತ್ತು. ಮೆಸೇಜ್ ಹಾಕಿದೆ: ಹೀಗೀಗೆ, ಇಬ್ಬರೂ ಒಂದೇ ಲೈಬ್ರರಿ ಕೊಂಡಿದ್ದೇವೆ, ನನ್ನ ರಸೀದಿ ಇಲ್ಲಿದೆ. ಸಂಜೆ ಉತ್ತರ ಬಂತು. ಅವನಿಗೆ ತನ್ನ ಹೆಸರಿನಲ್ಲಿ ನನ್ನ ಮೇಲೆ ಹಕ್ಕಿನ ಕ್ಲೇಮ್ ಹೋಗಿದ್ದೇ ಗೊತ್ತಿಲ್ಲ, ಎಲ್ಲ ಯಂತ್ರವೇ ಮಾಡಿದ್ದು. ಕ್ಷಮೆ ಕೇಳಿ, ಆ ಭಾಗವನ್ನು ಬಿಡಿಸುವಂತೆ ತನ್ನ ಡಿಸ್ಟ್ರಿಬ್ಯೂಟರಿಗೆ ಬರೆದಿದ್ದೇನೆ ಅಂದ. ಕೊನೆಯ ಸಾಲು: “ಆ ಲೂಪ್ ನಾನೇ ಮಾಡಿದ್ದು ಅಂದುಕೊಂಡಿದ್ದೆ.”

ಐದನೇ ದಿನಕ್ಕೆ ಕ್ಲೇಮ್ ಹೋಯಿತು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನದೇ ಟ್ರ್ಯಾಕ್ ಶುರುವಾದರೆ ಆ ಎಂಟು ಸೆಕೆಂಡು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಕಾಡತೊಡಗಿತು. ಒಂದು ರಾತ್ರಿ ಮೈಕ್ ಇಟ್ಟು ಮೇಜಿನ ಮೇಲೆ ಗೆಣ್ಣಿನಿಂದ ಬಡಿದು ರೆಕಾರ್ಡ್ ಮಾಡಿದೆ. ಮೇಜು ಸರಿಹೋಗಲಿಲ್ಲ, ಬಾಗಿಲು ಬಡಿದೆ, ಖಾಲಿ ಡ್ರಾಯರ್ ಬಡಿದೆ. ಡ್ರಾಯರ್ ಒಲಿಯಿತು. ಗಾಳಿಯ ಸದ್ದಿಗೆ ಬಾಯಿಂದಲೇ ಊದಿದೆ. ಬೆರಳು ಕೆಂಪಾಗಿತ್ತು, ಗಂಟೆ ಎರಡಾಗಿತ್ತು.

ಆದರೆ ಬಿಡುಗಡೆಯಾದ ಟ್ರ್ಯಾಕಿನಲ್ಲಿ ಅದನ್ನು ಬದಲಿಸಲಾಗಲಿಲ್ಲ. ಪ್ರತಿ ರೆಕಾರ್ಡಿಂಗಿಗೂ ಐಎಸ್‌ಆರ್‌ಸಿ ಅಂತ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ರೆಕಾರ್ಡಿಂಗ್ ಬದಲಾದರೆ ಅದು ಬೇರೆ ರೆಕಾರ್ಡಿಂಗ್, ಗುರುತೂ ಹೊಸದು, ಎಣಿಕೆ ಮತ್ತೆ ಸೊನ್ನೆಯಿಂದ. ಸ್ಪಾಟಿಫೈನಲ್ಲಿ 2024ರಿಂದ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಟ್ರ್ಯಾಕಿಗೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲ. ನನ್ನದು ಆಗ 640ರ ಹತ್ತಿರ ಇತ್ತು. ಅಪರೂಪಕ್ಕೆ ಒಂದು ಸಣ್ಣ ಪ್ಲೇಲಿಸ್ಟಿಗೂ ಸೇರಿತ್ತು. ಮನಸ್ಸಾಕ್ಷಿ ಮತ್ತು 640ರ ನಡುವೆ 640 ಗೆದ್ದಿತು. ಹೊಸ ಶುರುವನ್ನು ಲೈವ್‌ನಲ್ಲಿ ಮಾತ್ರ ನುಡಿಸುವುದು ಅಂತ ತೀರ್ಮಾನ ಮಾಡಿದೆ.

ಮುಂದಿನ ತಿಂಗಳು ಅದಕ್ಕೊಂದು ಅವಕಾಶ ಬಂತು. ನಲವತ್ತು ಜನ, ಕಡಿಮೆ ಬೆಳಕು, ಒಳ್ಳೆಯ ಸಬ್‌ವೂಫರ್. ಡ್ರಾಯರಿನ ಸದ್ದಿನಿಂದ ಶುರು ಮಾಡಿದೆ. ಅಷ್ಟು ಖುಷಿಯಿಂದ ನಾನು ಯಾವತ್ತೂ ಒಂದು ಕ್ಲಿಪ್ ಒತ್ತಿರಲಿಲ್ಲ. ಮುಗಿದ ಮೇಲೆ ಕೇಬಲ್ ಸುತ್ತುತ್ತಿದ್ದಾಗ ಒಬ್ಬ ಹುಡುಗ ಬಂದು ನಿಂತ. ಆ ಟ್ರ್ಯಾಕ್ ತನಗೆ ತುಂಬ ಇಷ್ಟ, ದಿನಾ ಕೇಳುತ್ತೇನೆ ಅಂದ. ಆಮೇಲೆ ಸ್ವಲ್ಪ ಅಳುಕುತ್ತಾ, “ಆದ್ರೆ ಸರ್, ಶುರು ಬೇರೆ ಥರ ಇತ್ತಲ್ವಾ? ರೆಕಾರ್ಡಿನಲ್ಲಿ ಇರೋದೇ ಚೆನ್ನಾಗಿದೆ” ಅಂದ.

ಹೌದು, ಅದಕ್ಕೇ ಎರಡು ವಾರ ಹಿಡಿಯಿತು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೇಬಲ್ ಸುತ್ತುವುದನ್ನು ಮುಂದುವರಿಸಿದೆ.