ಅಣ್ಣನ ರಕ್ತಪರೀಕ್ಷೆ ದಿನ ಓದಿದ್ದು

ಅಣ್ಣನಿಗೆ ಬೈಪೋಲಾರ್, ಅಂದರೆ ಉತ್ಸಾಹ, ಖಿನ್ನತೆ ವಿಪರೀತ ಏರಿಳಿಯುವ ಕಾಯಿಲೆ. ಅದಕ್ಕೆ ತಗೊಳ್ಳುವ ಲಿಥಿಯಂ ಔಷಧ ರಕ್ತದಲ್ಲಿ ಎಷ್ಟಿದೆ ಅಂತ ನೋಡಲು ಮಡಿಕೇರಿಗೆ ಬಂದಿದ್ದೇವೆ. ರಾತ್ರಿಯ ಮಾತ್ರೆ ನುಂಗಿ 12 ಗಂಟೆ ಆದ ಮೇಲೇ ರಕ್ತ ಕೊಡಬೇಕು. ಹೊರಗೆ ಜಡಿಮಳೆ. ಕಾಯುತ್ತಾ ಎನಿಗ್ಮಾ ಎಂಬ ಮೆದುಳು ಸಂಶೋಧಕರ ಕೂಟದ 2018ರ ಅಧ್ಯಯನ ಓದಿದೆ. ಬೈಪೋಲಾರ್ ಇರುವವರು 2,447, ಇಲ್ಲದವರು 4,056. ಇಷ್ಟೂ ಜನರ ಎಂಆರ್‌ಐ ಚಿತ್ರಗಳನ್ನು ಹಲವು ದೇಶಗಳ 28 ತಂಡಗಳು ಒಟ್ಟಿಗೆ ಸೇರಿಸಿ ನೋಡಿವೆ. ಒಂದೇ ಆಸ್ಪತ್ರೆಯಲ್ಲಿ ಇಷ್ಟು ಜನ ಎಲ್ಲಿ ಸಿಗಬೇಕು, ಅಲ್ವಾ? ಕಾಯಿಲೆ ಇರುವವರ ಮೆದುಳಿನ ಹೊರಪದರ ಹಣೆಯ ಹಿಂದೆ, ಕಿವಿಯ ಪಕ್ಕದಲ್ಲಿ ಸರಾಸರಿ ತುಸು ತೆಳು. ಲಿಥಿಯಂ ತಗೊಳ್ಳುತ್ತಿದ್ದವರಲ್ಲಿ ಆ ತೆಳುವು ಕಡಿಮೆ. ಮಾತ್ರೆಯಿಂದಲೇ ಹಾಗಾಯಿತು ಅಂತ ಇಷ್ಟರಿಂದ ಹೇಳಲಾಗದು. ಸ್ಕ್ಯಾನ್ ನೋಡಿ ಒಬ್ಬರ ಕಾಯಿಲೆ ಗುರುತಿಸುವ ಕಾಲವೂ ಇನ್ನೂ ಬಂದಿಲ್ಲ. ಆದರೆ ‘ಮನಸ್ಸು ಗಟ್ಟಿ ಮಾಡ್ಕೋ, ಸರಿ ಹೋಗುತ್ತೆ’ ಅಂತ ಅಣ್ಣನಿಗೆ ಸುಮ್ನೆ ಬುದ್ಧಿ ಹೇಳುವ ನೆಂಟರಿಗೆ ಇದನ್ನು ತೋರಿಸಲೇಬೇಕು. ನಮ್ಮ ಕೊಡಗಿನ ಕೈಲ್‌ಪೊಳ್ದ್ ಹಬ್ಬಕ್ಕೆ ಎಲ್ಲರೂ ಮನೆಗೆ ಬರುತ್ತಾರೆ. ಆಗಲೇ ಕೂರಿಸಿಕೊಂಡು ಹೇಳುತ್ತೇನೆ.